ಸಹಿ ಹಾಕಿದ ಮುಖಗಳು

(ದತ್ತಿ ಉಪನ್ಯಾಸದ ಮುದ್ರಿತ ರೂಪ)



ಹತ್ತೊಂಬತ್ತನೆಯ ಶತಮಾನದ ಸೇನಾಧಿಕಾರಿಗಳ ಸಹಿ ಇರುವ ಫೋಟೋಗಳನ್ನು ಸಂಗ್ರಹಿಸುವ ಬಗ್ಗೆ ಮಾತಾಡುತ್ತೇನೆ ಎಂದಾಗ ಸಂಘಟಕರಲ್ಲೊಬ್ಬರು ನೇರವಾಗಿಯೇ ಕೇಳಿದರು: ಉಪ್ಪಿನ ಕಾಯಿದೆ ಮುರಿದ ಅಂಕೋಲೆಯಲ್ಲಿ ನಿಂತು ದೊರೆಗಳ ಪಟದ ಕತೆ ಹೇಳುತ್ತೀರಾ? ಅವರು ಕೇಳಿದ್ದು ನ್ಯಾಯವಾಗಿಯೇ ಇದೆ. 1930ರ ಏಪ್ರಿಲ್ 13ರಂದು ಎಂ.ಪಿ. ನಾಡಕರ್ಣಿಯವರ ಮುಂದಾಳ್ತನದಲ್ಲಿ ಉಪ್ಪು ಮಾಡಿದ ಊರಿದು. ಕರನಿರಾಕರಣೆಯಲ್ಲಿ ಮನೆ, ಗದ್ದೆ, ದನಕರು ಕಳೆದುಕೊಂಡವರ ಮೊಮ್ಮಕ್ಕಳು ಈ ಸಭೆಯಲ್ಲಿಯೇ ಕೂತಿರಬಹುದು.

ಹಾಗಿದ್ದೂ ಈ ವಿಷಯವನ್ನೇ ಆರಿಸಿಕೊಂಡೆ. ನಮ್ಮನ್ನು ಆಳಿದವರ ಮುಖ, ಹೆಸರು, ಕೈಬರಹ ಮೂರೂ ಒಂದೇ ರಟ್ಟಿನ ಮೇಲೆ ಕೂಡಿ ಉಳಿದಿವೆ. ಅವರ ಕೈಕೆಳಗೆ ದುಡಿದವರದ್ದು, ಅವರಿಗೆ ಎದುರಾಗಿ ನಿಂತವರದ್ದು ಹಾಗಿಲ್ಲ. ಮುಖ ಒಂದು ಕಡೆ ಹೋಗಿದೆ, ಹೆಸರು ಇನ್ನೊಂದು ಕಡೆ ಹೋಗಿದೆ. ಇದು ಹೇಗಾಯಿತು ಎಂದು ತಿಳಿಯಲು ಆ ಪುಟ್ಟ ರಟ್ಟುಗಳನ್ನು ಕೈಯಲ್ಲಿ ಹಿಡಿದು ನೋಡಲೇಬೇಕು. ಜೊತೆಗೆ, ನಮ್ಮ ಮನೆಗಳಲ್ಲಿ ಇನ್ನೂ ಉಳಿದಿರುವ ಚಿತ್ರಗಳಿಗೆ ಅದೇ ಗತಿ ಬಾರದಂತೆ ಏನು ಮಾಡಬಹುದು ಎಂಬುದನ್ನೂ ಹೇಳಬೇಕಾಗಿದೆ.

ಮೊದಲು ವಸ್ತುವಿನ ಪರಿಚಯ. ಪ್ಯಾರಿಸ್ಸಿನ ದಿಸ್ದೆರಿ ಎಂಬ ಛಾಯಾಗ್ರಾಹಕ 1854ರಲ್ಲಿ ಒಂದು ಪೇಟೆಂಟ್ ಪಡೆದ. ಒಂದೇ ಗಾಜಿನ ಫಲಕದ ಮೇಲೆ ಹಲವು ಚಿಕ್ಕ ಚಿತ್ರ ತೆಗೆದು, ಮುದ್ರಿಸಿ, ಕತ್ತರಿಸಿ, ಒಂದೊಂದನ್ನೂ ದಪ್ಪ ಕಾಗದಕ್ಕೆ ಅಂಟಿಸುವ ವಿಧಾನ ಅದು. ರಟ್ಟಿನ ಅಳತೆ ಸುಮಾರು ಎರಡೂವರೆ ಇಂಚು ಅಗಲ, ನಾಲ್ಕು ಇಂಚು ಉದ್ದ. ಆಗಿನ ಭೇಟಿಚೀಟಿಯ ಅಳತೆಯದೇ ಆದ್ದರಿಂದ ಅದಕ್ಕೆ ಕಾರ್ತ್ ದ ವಿಸಿತ್ ಎಂಬ ಹೆಸರು ಬಂತು. ಸಂಗ್ರಾಹಕರ ಬಾಯಲ್ಲಿ ಬರೇ ಕಾರ್ಡು. 1866ರ ಹೊತ್ತಿಗೆ ಇದಕ್ಕಿಂತ ದೊಡ್ಡದಾದ ಕ್ಯಾಬಿನೆಟ್ ಕಾರ್ಡು ಬಂತು, ನಾಲ್ಕೂಕಾಲು ಇಂಚಿಗೆ ಆರೂವರೆ ಇಂಚು. ಎರಡಕ್ಕೂ ಬಳಸುತ್ತಿದ್ದದ್ದು ಕೋಳಿಮೊಟ್ಟೆಯ ಬಿಳಿಯನ್ನು ಸವರಿ, ಬೆಳ್ಳಿಯ ಲವಣದಲ್ಲಿ ಅದ್ದಿ ಒಣಗಿಸಿದ ತೆಳುಕಾಗದ. ಆ ಕಾಗದ ಎಷ್ಟು ತೆಳು ಎಂದರೆ ರಟ್ಟಿಗೆ ಅಂಟಿಸದಿದ್ದರೆ ತಾನಾಗಿಯೇ ಸುರುಳಿ ಸುತ್ತಿಕೊಳ್ಳುತ್ತದೆ. ರಟ್ಟು ಬಂದದ್ದು ಈ ಅನಿವಾರ್ಯದಿಂದ. ರಟ್ಟು ಬಂದದ್ದರಿಂದ ಚಿತ್ರದ ಕೆಳಗೆ ಒಂದು ಬೆರಳಿಗಿಂತ ಕಡಿಮೆ ಅಗಲದ ಖಾಲಿ ಜಾಗ ಸಿಕ್ಕಿತು, ಹಿಂಬದಿಗೆ ಒಂದು ಪೂರ್ತಿ ಖಾಲಿ ಮುಖ ಸಿಕ್ಕಿತು. ಸಹಿ ಬಿದ್ದದ್ದು ಅಲ್ಲಿ.

ಸೈನಿಕರೇ ಯಾಕೆ ಇಷ್ಟೊಂದು ಸಹಿ ಹಾಕಿದರು? ಯುದ್ಧಕ್ಕೆ ಹೋಗುವವನು ತಿರುಗಿ ಬರುವ ಭರವಸೆ ಇಲ್ಲ. ಒಂದು ಡಜನ್ ತೆಗೆಸಿ ತಾಯಿಗೆ, ಹೆಂಡತಿಗೆ, ಜೊತೆಯ ಅಧಿಕಾರಿಗಳಿಗೆ ಹಂಚುತ್ತಿದ್ದ. ಅವರು ತಮ್ಮದನ್ನು ಇವನಿಗೆ ಕೊಡುತ್ತಿದ್ದರು. ಒಂದು ಪಲ್ಟಣದ ಆಲ್ಬಮ್ ಹೀಗೆ ತುಂಬುತ್ತಿತ್ತು. ಕೊಡುವಾಗ ಹೆಸರು, ಹುದ್ದೆ, ಪಲ್ಟಣದ ಸಂಖ್ಯೆ ಬರೆದು ಕೊಡುವುದು ವಾಡಿಕೆ. ಆದ್ದರಿಂದ ಈ ಸಹಿಗಳಲ್ಲಿ ಬಹಳಷ್ಟನ್ನು ಅಭಿಮಾನಿ ಕೇಳಿ ಹಾಕಿಸಿಕೊಂಡದ್ದಲ್ಲ. ಗೆಳೆಯ ಗೆಳೆಯನಿಗೆ ತಾನಾಗಿ ಹಾಕಿ ಕೊಟ್ಟದ್ದು. ಸಿನಿಮಾ ತಾರೆಯರ ಹಸ್ತಾಕ್ಷರಕ್ಕೂ ಇದಕ್ಕೂ ಇರುವ ಅಂತರ ಅದು, ಮತ್ತು ನಾನು ಈ ರಟ್ಟುಗಳಿಗೆ ಮನಸೋತದ್ದೂ ಅದಕ್ಕೇ.

ಜಗತ್ತಿನಲ್ಲಿ ಇಂಥ ಕಾರ್ಡುಗಳ ಅತಿ ದೊಡ್ಡ ಸಂತೆ ಅಮೆರಿಕದ ಅಂತರ್ಯುದ್ಧದ್ದು. 1861ರ ಫೆಬ್ರುವರಿಯಲ್ಲಿ ಜಾರ್ಜ್ ಕುಕ್ ಎಂಬ ಛಾಯಾಗ್ರಾಹಕ ಚಾರ್ಲ್ಸ್‌ಟನ್ ಬಂದರಿನ ಸಮ್ಟರ್ ಕೋಟೆಗೆ ಹೋಗಿ ಅಲ್ಲಿನ ಮೇಜರ್ ರಾಬರ್ಟ್ ಆಂಡರ್ಸನ್ ಅವರ ಚಿತ್ರ ತೆಗೆದ. ನ್ಯೂಯಾರ್ಕಿನ ಆಂಥನಿ ಕಂಪನಿ ಅದರ ಪ್ರತಿಗಳನ್ನು ಮಾರಲು ಇಳಿಯಿತು. ದಿನಕ್ಕೆ ಸಾವಿರದಂತೆ ಹೋಗುತ್ತಿದ್ದವೆಂಬ ಮಾತು ಆಗಲೇ ಹಬ್ಬಿತ್ತು. ಏಪ್ರಿಲ್‌ನಲ್ಲಿ ಅದೇ ಕೋಟೆಯ ಮೇಲೆ ಗುಂಡು ಬಿದ್ದು ಯುದ್ಧ ಶುರುವಾಯಿತು. ಮುಂದಿನ ನಾಲ್ಕು ವರ್ಷ ಜನರಲ್ಲುಗಳಿಂದ ಹಿಡಿದು ಮೀಸೆ ಚಿಗುರದ ಲೆಫ್ಟಿನೆಂಟುಗಳವರೆಗೆ ಕಾರ್ಡು ತೆಗೆಸದ ಅಧಿಕಾರಿ ಸಿಗುವುದು ಕಷ್ಟ. ಯುದ್ಧದ ಖರ್ಚಿಗಾಗಿ ಸರ್ಕಾರ ಫೋಟೋಗಳ ಮೇಲೂ ತೆರಿಗೆ ಹಾಕಿತು. 1864ರ ಸೆಪ್ಟೆಂಬರ್ 1ರಿಂದ 1866ರ ಆಗಸ್ಟ್ 1ರವರೆಗೆ ಮಾರಾಟವಾದ ಪ್ರತಿ ಫೋಟೋದ ಹಿಂಬದಿಗೆ ಕಂದಾಯದ ಸ್ಟ್ಯಾಂಪು ಅಂಟಿಸಿ, ಅದರ ಮೇಲೆ ಛಾಯಾಗ್ರಾಹಕ ತನ್ನ ಅಕ್ಷರ, ತಾರೀಕು ಗೀಚಬೇಕಿತ್ತು. 25 ಸೆಂಟಿನವರೆಗಿನ ಚಿತ್ರಕ್ಕೆ ಎರಡು ಸೆಂಟಿನ ಸ್ಟ್ಯಾಂಪು, 50ರವರೆಗೆ ಮೂರು, ಡಾಲರಿನವರೆಗೆ ಐದು. ಆ ಸ್ಟ್ಯಾಂಪು ಇದ್ದರೆ ಕಾರ್ಡಿನ ಕಾಲ ಈ ಎರಡು ವರ್ಷಗಳೊಳಗೆ ಬಂದು ನಿಲ್ಲುತ್ತದೆ. ಇದಕ್ಕಿಂತ ಭದ್ರವಾದ ಸಾಕ್ಷಿ ಹಳೆಯ ಫೋಟೋಗಳ ಲೋಕದಲ್ಲಿ ಕಡಿಮೆ.

ಅಮೆರಿಕದ ಕತೆ ಅಂಕೋಲೆಗೆ ಯಾಕೆ ಎಂದು ಕೇಳಬಹುದು. ಬಂಧುಗಳೇ, ಆ ಯುದ್ಧ ನಡೆಯದಿದ್ದರೆ ಇವತ್ತಿನ ಕಾರವಾರ ಇವತ್ತಿನಂತೆ ಇರುತ್ತಿರಲಿಲ್ಲ. ಅಮೆರಿಕದ ದಕ್ಷಿಣದ ಬಂದರುಗಳು ಮುಚ್ಚಿದೊಡನೆ ಮ್ಯಾಂಚೆಸ್ಟರಿನ ಗಿರಣಿಗಳಿಗೆ ಹತ್ತಿ ಬರುವುದು ನಿಂತಿತು. ಅವರ ಕಣ್ಣು ಧಾರವಾಡ, ಹುಬ್ಬಳ್ಳಿ ಸೀಮೆಯ ಎರೆಭೂಮಿಯ ಮೇಲೆ ಬಿತ್ತು. ಅಲ್ಲಿ 1840ರ ದಶಕದಿಂದಲೇ ಅಮೆರಿಕದ ಬೀಜದ ಹತ್ತಿ ಬೆಳೆಯುತ್ತಿತ್ತು, ಪೇಟೆಯಲ್ಲಿ ಅದಕ್ಕೆ ಧಾರವಾಡ-ಅಮೆರಿಕನ್ ಎಂದೇ ಹೆಸರು. ಆ ಹತ್ತಿ ಘಟ್ಟ ಇಳಿದು ಸಮುದ್ರ ಮುಟ್ಟಲು ಹತ್ತಿರದ ಒಳ್ಳೆಯ ಬಂದರು ಕಾಳಿ ನದಿಯ ಬಾಯಿ. ಅಲ್ಲಿನ ಸದಾಶಿವಗಡದ ಹೆಸರು ಮ್ಯಾಂಚೆಸ್ಟರಿನ ಸಭೆಗಳಲ್ಲೂ ಬ್ರಿಟನ್ನಿನ ಪಾರ್ಲಿಮೆಂಟಿನಲ್ಲೂ ಕೇಳಿಬರತೊಡಗಿತು. ಮದ್ರಾಸ್ ಸರ್ಕಾರ ರಸ್ತೆ, ಬಂದರುಗಳ ಕೆಲಸದಲ್ಲಿ ನಿಧಾನ ಮಾಡುತ್ತಿದೆ ಎಂಬ ದೂರು ಬಲವಾಗಿ, 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಕಿತ್ತು ಮುಂಬೈ ಪ್ರಾಂತಕ್ಕೆ ಸೇರಿಸಿದರು. ಜಿಲ್ಲೆಯ ಕಚೇರಿಗಳು ಹೊನ್ನಾವರದಿಂದ ಕಾರವಾರಕ್ಕೆ ಬಂದವು. ಕೈಗಾ ಘಟ್ಟದ ದಾರಿ, ಅರಬೈಲ್ ಘಟ್ಟದ ದಾರಿ, 1864ರಲ್ಲಿ ಬೆಳಗಿದ ದೇವಗಡದ ದೀಪಸ್ತಂಭ ಎಲ್ಲವೂ ಈ ಅವಸರದ ಕಾಲದವು. ಮ್ಯಾಂಚೆಸ್ಟರ್ ಕಾಟನ್ ಕಂಪನಿ ತನ್ನ ಕಡೆಯಿಂದ ಹೇವುಡ್ ಎಂಬವರನ್ನು ಕಳಿಸಿತು. ಅವರು ಬಂದು ನೋಡಿದರೆ ರಸ್ತೆಯೂ ಮುಗಿದಿರಲಿಲ್ಲ, ದಕ್ಕೆಯೂ ಇರಲಿಲ್ಲ. 1865ರಲ್ಲಿ ಯುದ್ಧ ಮುಗಿಯಿತು, ಹತ್ತಿಯ ಬೆಲೆ ಬಿತ್ತು, ಕಾರವಾರದ ದೊಡ್ಡ ಕನಸು ಅರ್ಧಕ್ಕೆ ನಿಂತಿತು. 1880ರ ದಶಕದಲ್ಲಿ ಮುರ್ಮಗೋವಾಕ್ಕೆ ರೈಲು ಹೋದ ಮೇಲಂತೂ ಘಟ್ಟದ ಹತ್ತಿ ಆ ಕಡೆಗೇ ತಿರುಗಿತು.

ವರ್ಜೀನಿಯಾದ ಒಬ್ಬ ಕ್ಯಾಪ್ಟನ್ 1863ರಲ್ಲಿ ತನ್ನ ಕಾರ್ಡಿಗೆ ಸಹಿ ಹಾಕುತ್ತಿದ್ದಾಗ ಅರಬೈಲ್ ಘಟ್ಟದಲ್ಲಿ ನಮ್ಮ ಹಿರಿಯರು ಕಲ್ಲು ಒಡೆಯುತ್ತಿದ್ದರು. ಎರಡಕ್ಕೂ ಕಾರಣ ಒಂದೇ ಯುದ್ಧ. ಆ ಕ್ಯಾಪ್ಟನ್ನನ ಕಾರ್ಡು ಈಗ ಹರಾಜಿನಲ್ಲಿ ಸಾವಿರಾರು ರೂಪಾಯಿಗೆ ಹೋಗುತ್ತದೆ. ಕಲ್ಲು ಒಡೆದವರ ಕೂಲಿ ಲೆಕ್ಕದಲ್ಲಿ ತಲೆಗಳ ಸಂಖ್ಯೆ ಮಾತ್ರ ಇದ್ದರೆ ಸಾಕಾಗಿತ್ತು.

ಈಗ ಸಂಗ್ರಹದ ಕಸುಬಿಗೆ ಬರುತ್ತೇನೆ. ಸಹಿ ಇಲ್ಲದ ಕಾರ್ಡಿಗೂ ಇರುವ ಕಾರ್ಡಿಗೂ ಬೆಲೆಯಲ್ಲಿ ಹತ್ತುಪಟ್ಟು ಅಂತರ ಬರುವುದುಂಟು. ಆದ್ದರಿಂದ ಖೊಟ್ಟಿ ಸಹಿಗಳೂ ಧಾರಾಳ. ಹಳೆಯ ಕಾರ್ಡು ಅಗ್ಗಕ್ಕೆ ಕೊಂಡು, ಅದರ ಮೇಲೆ ಹೊಸದಾಗಿ ಹೆಸರು ಗೀಚಿ ಮಾರುವವರಿದ್ದಾರೆ. ಅವರನ್ನು ಹಿಡಿಯಲು ಮೊದಲು ಬೇಕಾದದ್ದು ಹತ್ತುಪಟ್ಟು ಹಿಗ್ಗಿಸುವ ಒಂದು ಮಸೂರ, ಆಮೇಲೆ ಸಾವಧಾನ. ಹೊಸ ರಟ್ಟಿಗೆ ಒಂದು ಬಿಗಿ ಇರುತ್ತದೆ. ಶಾಯಿ ಮೇಲೆಯೇ ನಿಂತು ಗೆರೆಯ ಅಂಚು ಚೊಕ್ಕವಾಗಿ ಬರುತ್ತದೆ. ನೂರಕ್ಕೂ ಹೆಚ್ಚು ವರ್ಷ ಉಜ್ಜಿ ಮೇಲ್ಮೈ ಸವೆದ ರಟ್ಟಿಗೆ ಇವತ್ತು ಶಾಯಿ ಮುಟ್ಟಿಸಿದರೆ ಸವೆದ ಜಾಗದಲ್ಲಿ ಅದು ನಾರುಗಳ ಒಳಗೆ ಹರಿದು ಕೂದಲಿನಂತೆ ಚಾಚಿಕೊಳ್ಳುತ್ತದೆ. ರಟ್ಟಿನಲ್ಲಿ ಬಿರುಕಿದ್ದು ಅಕ್ಷರ ಅದನ್ನು ದಾಟಿದ್ದರೆ, ಬಿರುಕಿನೊಳಗೆ ಶಾಯಿ ಇಳಿದಿದೆಯೇ ನೋಡಿ. ಇಳಿದಿದ್ದರೆ ಬಿರುಕು ಮೊದಲು ಬಂದದ್ದು, ಸಹಿ ಆಮೇಲೆ. ಇನ್ನೊಂದು ಗುರುತು ನನಗೆ ತುಂಬ ಇಷ್ಟ. ಆ ಕಾಲದ ಆಲ್ಬಮ್ಮುಗಳಲ್ಲಿ ಕಾರ್ಡನ್ನು ಪುಟದ ಬುಡದ ಸೀಳಿನಿಂದ ಮೇಲಕ್ಕೆ ತೂರಿಸಬೇಕು. ಹಾಕಿ ತೆಗೆದು ಮಾಡುವಾಗ ಕೆಳಗಿನ ಅಂಚೇ ಹೆಚ್ಚು ತಿಕ್ಕಿಸಿಕೊಳ್ಳುತ್ತದೆ, ಸಹಿ ಇರುವುದೂ ಅಲ್ಲಿಯೇ. ಹಾಗಾಗಿ ಅಸಲಿ ಸಹಿ ಸ್ವಲ್ಪ ಸವೆದಿರುವುದೇ ಸಹಜ. ರಟ್ಟು ಜರ್ಜರಿತವಾಗಿದ್ದು ಸಹಿ ಮಾತ್ರ ಫಳಫಳ ಹೊಳೆಯುತ್ತಿದ್ದರೆ ಕೈ ಹಿಂದಕ್ಕೆ ತೆಗೆಯಿರಿ.

ರಟ್ಟಿನ ವಯಸ್ಸನ್ನೂ ಕಣ್ಣಿನಿಂದಲೇ ಅಂದಾಜಿಸಬಹುದು. 1860ರ ದಶಕದ ಆರಂಭದವು ತೆಳು, ಮೂಲೆಗಳು ಚೌಕ. 1870ರ ದಶಕದಿಂದ ಮೂಲೆಗಳು ದುಂಡಗಾದವು, ರಟ್ಟು ದಪ್ಪವಾಯಿತು. 1880ರ ನಂತರ ಅಂಚಿಗೆ ಚಿನ್ನದ ಬಣ್ಣ ಬಂತು. ಮಸೂರದಡಿ ಸಣ್ಣ ಸಣ್ಣ ಚುಕ್ಕಿಗಳ ಜಾಲ ಕಂಡರೆ ಅದು ಫೋಟೋ ಅಲ್ಲ, ಅಚ್ಚಿನ ಮುದ್ರಣ. ಸಹಿಯನ್ನೂ ಕಲ್ಲಚ್ಚಿನಲ್ಲಿ ಮುದ್ರಿಸಿ ಮಾರಿದ್ದುಂಟು. ಅದರಲ್ಲಿ ನಿಬ್ಬಿನ ಒತ್ತಡ ಕಾಣುವುದಿಲ್ಲ, ಎಲ್ಲ ಗೆರೆಗೂ ಒಂದೇ ಗಾಢತೆ.

ನನ್ನಲ್ಲಿರುವ ಒಂದು ಕಾರ್ಡಿನ ಬಗ್ಗೆ ಹೇಳಬೇಕು. ಮುಂಬೈಯ ಚೋರ್ ಬಜಾರಿನಲ್ಲಿ ಒಂದು ಡಬ್ಬಿಯ ತಳದಲ್ಲಿ ಸಿಕ್ಕಿದ್ದು. ಚೌಕ ಮೂಲೆ, ತೆಳು ರಟ್ಟು. ದೇಶೀ ಕಾಲಾಳು ಪಲ್ಟಣವೊಂದರ ಯುವ ಲೆಫ್ಟಿನೆಂಟ್ ನಿಂತಿದ್ದಾನೆ. ಎಡಗೈ ಕತ್ತಿಯ ಹಿಡಿಯ ಮೇಲೆ, ಬಲಗೈ ಒಂದು ಖುರ್ಚಿಯ ಬೆನ್ನಿನ ಮೇಲೆ. ಬೂಟುಗಳ ಹಿಂದೆ, ನೆಲಕ್ಕೆ ತಾಗಿ, ಕಬ್ಬಿಣದ ಎರಡು ಪಾದಗಳು ಇಣುಕುತ್ತವೆ. ಅದು ತಲೆ ಅಲುಗದಂತೆ ಹಿಂದಿನಿಂದ ಹಿಡಿದುಕೊಳ್ಳುವ ಕಂಬದ ಬುಡ. ಆಗಿನ ಒದ್ದೆ ಫಲಕಕ್ಕೆ ಹಲವು ಸೆಕೆಂಡು ಬೆಳಕು ಬೇಕಿತ್ತು, ಅಷ್ಟು ಹೊತ್ತು ಕಣ್ಣನ್ನೂ ಹೆಚ್ಚು ಮಿಟುಕಿಸದೆ ನಿಲ್ಲಬೇಕು. ಹಳೆಯ ಫೋಟೋಗಳಲ್ಲಿ ಯಾರೂ ನಗದಿರುವುದಕ್ಕೆ ಈ ಕಂಬವೂ ಒಂದು ಕಾರಣ. ಕೆಳಗೆ ಸಹಿ. ಓಕ್ ಮರದಲ್ಲಿ ಬೆಳೆಯುವ ಮಾಚಿಕಾಯಿ ಮತ್ತು ಕಬ್ಬಿಣದ ಲವಣದಿಂದ ಮಾಡಿದ ವಿಲಾಯಿತಿ ಶಾಯಿ ಬರೆದಾಗ ಕಪ್ಪು, ಕಾಲ ಕಳೆದಂತೆ ಕಂದು. ಇವನ ಸಹಿ ಈಗ ಚಹಾದ ಕಲೆಯ ಬಣ್ಣಕ್ಕೆ ಇಳಿದಿದೆ.

ತಿರುವಿದರೆ ಹಿಂಬದಿಯಲ್ಲಿ ಇನ್ನೊಂದು ಕೈ. ಮರಾಠಿ ಬರೆಯುವ ಮೋಡಿ ಲಿಪಿಯ ಐದು ಸಾಲು. ಬೋರು ಎಂಬ ಜೊಂಡಿನ ಲೇಖನಿಯಲ್ಲಿ, ದೀಪದ ಮಸಿಯಿಂದ ಕಾಸಿದ ನಮ್ಮ ದೇಶೀ ಶಾಯಿಯಲ್ಲಿ ಬರೆದದ್ದು. ಮಸಿ ಎಂದರೆ ಬರೇ ಇಂಗಾಲ, ಅದಕ್ಕೆ ಬಣ್ಣ ಮಾಸುವ ಪ್ರಶ್ನೆಯಿಲ್ಲ. ಮುಂಬದಿಯ ಸಹಿ ಕಂದಾದರೂ ಈ ಐದು ಸಾಲು ಇವತ್ತಿಗೂ ಕಡುಗಪ್ಪು. ಮೋಡಿ ಬಲ್ಲ ಹಿರಿಯರೊಬ್ಬರ ಹತ್ತಿರ ಓದಿಸಿದೆ. ಒಂದು ಪಲಂಗ, ಕನ್ನಡಿ, ಎರಡು ಖುರ್ಚಿ, ದೀಪದ ಗಾಜು, ತಾಮ್ರದ ಹಂಡೆ, ಎದುರಿಗೆ ರೂಪಾಯಿ ಆಣೆಗಳು. ವರ್ಗವಾಗಿಯೋ ತೀರಿಕೊಂಡೋ ಹೋದ ಅಧಿಕಾರಿಗಳ ಸಾಮಾನು ಲಿಲಾವಿಗೆ ಬರುವುದು ದಂಡಿನ ಊರುಗಳಲ್ಲಿ ನಡೆದುಬಂದ ಪದ್ಧತಿ. ಕೊಂಡವನೋ, ಬರೆದುಕೊಳ್ಳುತ್ತಿದ್ದ ಗುಮಾಸ್ತನೋ ಕೈಗೆ ಸಿಕ್ಕಿದ ಈ ರಟ್ಟಿನ ಬೆನ್ನ ಮೇಲೆ ಲೆಕ್ಕ ಹಾಕಿದ್ದಾನೆ. ಮುಂದಿನ ಕೈ ತನ್ನ ಹೆಸರು ಬರೆಯಿತು, ಹಿಂದಿನ ಕೈ ಬೆಲೆ ಬರೆಯಿತು. ಮಾರಿದ ವ್ಯಾಪಾರಿಗೆ ಈ ಬರಹ ಒಂದು ಕೊರತೆಯಾಗಿ ಕಂಡಿತು, ಅದಕ್ಕೆಂದೇ ದರ ಇಳಿಸಿ ಕೊಟ್ಟ. ನನಗೆ ಸಿಕ್ಕ ಕಾರ್ಡುಗಳಲ್ಲಿ ನಾನು ಯಾರಿಗೂ ಕೊಡದೆ ಇಟ್ಟುಕೊಳ್ಳುವುದು ಇದನ್ನು.

ಕನ್ನಡ ನಾಡಿನ ಮಟ್ಟಿಗೆ ಈ ಮುಖ ಮತ್ತು ಹೆಸರಿನ ಪ್ರಶ್ನೆ ಎಲ್ಲಕ್ಕಿಂತ ತೀವ್ರವಾಗುವುದು 1857, 58ರ ಎರಡು ವರ್ಷಗಳಲ್ಲಿ. 1857ರ ಜುಲೈ 10ರಂದು ಕೊಲ್ಹಾಪುರದಲ್ಲಿ ಬಂಡೆದ್ದ ಸಿಪಾಯಿಗಳ ಮೇಲೆ ನುಗ್ಗಿದ್ದಕ್ಕೆ ದಕ್ಷಿಣ ಮರಾಠಾ ಕುದುರೆ ದಂಡಿನ ಲೆಫ್ಟಿನೆಂಟ್ ವಿಲಿಯಂ ಕರ್‌ಗೆ ವಿಕ್ಟೋರಿಯಾ ಕ್ರಾಸ್ ಸಿಕ್ಕಿತು. ಅದೇ ದಂಡಿನ ಕರ್ನಲ್ ಜಾರ್ಜ್ ಮಾಲ್ಕಮ್ ಆ ವರ್ಷದ ನವೆಂಬರಿನಲ್ಲಿ ಹಲಗಲಿಗೆ ಪಡೆ ಕಳಿಸಿದ. ಆಯುಧ ಒಪ್ಪಿಸುವುದಿಲ್ಲ ಎಂದ ಬೇಡರ ಊರನ್ನು ಸುಟ್ಟರು, ಸೆರೆ ಸಿಕ್ಕವರನ್ನು ಮುಧೋಳದಲ್ಲೂ ಹಲಗಲಿಯಲ್ಲೂ ಗಲ್ಲಿಗೇರಿಸಿದರು. ಮರುವರ್ಷ ಜೂನ್ ಆರಂಭದಲ್ಲಿ ನರಗುಂದದ ಕೋಟೆ ಹಿಡಿದದ್ದೂ ಮಾಲ್ಕಮ್ಮನೇ. ಅದೇ 1858ರಲ್ಲಿ ನಮ್ಮ ಜಿಲ್ಲೆಯ ಸೂಪಾ ಕಾಡಿನಲ್ಲಿ ಗೋವೆಯ ಗಡಿಗೆ ತಾಗಿ ಫಡ್ನೀಸ್ ಸಹೋದರರು, ಸಾವಂತರು ಬಂಡೆದ್ದರು.

ವಿಕ್ಟೋರಿಯಾ ಕ್ರಾಸ್ ಪಡೆದವರ ಭಾವಚಿತ್ರಗಳಿಗೆಂದೇ ಪ್ರತ್ಯೇಕ ಸಂಗ್ರಾಹಕರ ವರ್ಗವೊಂದಿದೆ. ಪದಕ, ಚಿತ್ರ, ಸಹಿ ಮೂರನ್ನೂ ಒಂದುಗೂಡಿಸಲು ಅವರು ಆಯುಷ್ಯವನ್ನೇ ಕಳೆಯುತ್ತಾರೆ. ಇತ್ತ ಹಲಗಲಿಯ ಬೇಡರಿಗೆ ಫೋಟೋ ಇಲ್ಲ, ಲಾವಣಿ ಇದೆ. ಜಡಗ, ಬಾಲ, ಹನುಮ, ರಾಮ ಎಂದು ಹೆಸರು ಹಿಡಿದು ಹಾಡಿದ ಆ ಲಾವಣಿಯನ್ನು ಸಂಗ್ರಹಿಸಿ ಅಚ್ಚು ಹಾಕಿಸಿದವನು ಬ್ರಿಟಿಷ್ ಅಧಿಕಾರಿಯೇ ಆದ ಜಾನ್ ಫೇತ್‌ಫುಲ್ ಫ್ಲೀಟ್. ಕ್ಯಾಮೆರಾ ಅವರನ್ನು ಬಿಟ್ಟುಬಿಟ್ಟಿತು, ಊರ ಬಾಯಿ ಬಿಡಲಿಲ್ಲ. ನೀವು ಯಾರಾದರೂ ಆ ಕಾಲದ ಅಧಿಕಾರಿಯ ಸಹಿ ಇರುವ ಕಾರ್ಡು ಕೊಂಡರೆ, ಅವನು ಯಾವ ಪಲ್ಟಣದಲ್ಲಿದ್ದ, ಆ ಪಲ್ಟಣ ಎಲ್ಲೆಲ್ಲಿಗೆ ನಡೆಯಿತು, ಆ ಊರುಗಳಲ್ಲಿ ಏನಾಯಿತು ಎಂಬುದನ್ನು ಹುಡುಕಿ ಕಾರ್ಡಿನ ಜೊತೆಗೆ ಬರೆದಿಡಿ ಎಂದು ಕೇಳಿಕೊಳ್ಳುತ್ತೇನೆ. ಲಾವಣಿಯ ಹೆಸರುಗಳೂ ಅದೇ ಹಾಳೆಯಲ್ಲಿ ಇರಲಿ. ಅಷ್ಟು ಮಾಡದೆ ಗಾಜಿನ ಕಪಾಟಿನಲ್ಲಿಟ್ಟರೆ ನಾವು ದೊರೆಗಳ ಪಟವನ್ನು ಪೂಜಿಸಿದಂತೆಯೇ ಆಗುತ್ತದೆ, ಸಂಘಟಕರ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಉಳಿಯುವುದಿಲ್ಲ.

ಕ್ಯಾಮೆರಾ ನಮ್ಮವರನ್ನು ಪೂರ್ತಿ ಬಿಟ್ಟಿತು ಎಂದೂ ಅಲ್ಲ. 1868ರಿಂದ 1875ರವರೆಗೆ ಎಂಟು ಸಂಪುಟಗಳಲ್ಲಿ ಸರ್ಕಾರವೇ ‘ದಿ ಪೀಪಲ್ ಆಫ್ ಇಂಡಿಯಾ’ ಎಂಬ ಗ್ರಂಥ ತಂದಿತು. ನಾನೂರಕ್ಕೂ ಹೆಚ್ಚು ಫೋಟೋಗಳು. ಸುರಪುರದಲ್ಲಿ ಇದ್ದು ಹೆಸರಾದ ಮೆಡೋಸ್ ಟೇಲರ್ ಕೂಡ ಅದಕ್ಕೆ ವಿವರಣೆ ಬರೆದವರಲ್ಲಿ ಒಬ್ಬ. ಆದರೆ ಅಲ್ಲಿನ ಬಹುಪಾಲು ಮುಖಗಳ ಕೆಳಗಿರುವುದು ಜಾತಿಯ ಹೆಸರು, ಕಸುಬಿನ ಹೆಸರು, ಊರಿನ ಹೆಸರು. ಆ ಮನುಷ್ಯನ ಹೆಸರಿಲ್ಲ. ಅದೇ ವರ್ಷಗಳಲ್ಲಿ, ಅದೇ ಕಾಗದದ ಮೇಲೆ, ಅದೇ ಮೊಟ್ಟೆಯ ಬಿಳಿಯಲ್ಲಿ ತೆಗೆದ ಎರಡು ಚಿತ್ರಗಳನ್ನು ಪಕ್ಕಪಕ್ಕ ಇಡಿ: ಒಂದರ ಕೆಳಗೆ ಲೆಫ್ಟಿನೆಂಟನ ಸಹಿ, ಇನ್ನೊಂದರ ಕೆಳಗೆ ಒಂದು ಜಾತಿಯ ಹೆಸರು. ಆಳ್ವಿಕೆ ಎಂದರೇನು ಎಂದು ಮಕ್ಕಳಿಗೆ ಕಲಿಸಲು ಬೇರೆ ಪಾಠ ಬೇಡ. ದೇಶೀ ಪಲ್ಟಣಗಳ ಸುಬೇದಾರ, ಜಮಾದಾರರ ಚಿತ್ರಗಳು ಸಿಗುತ್ತವೆ. ಎದೆಯ ಮೇಲೆ ಪದಕ, ಗಡ್ಡ ಎರಡು ಕಡೆಗೆ ಬಾಚಿದ್ದು, ಕೂತ ಠೀವಿ ಯಾವ ಕರ್ನಲ್‌ಗೂ ಕಡಿಮೆಯಿಲ್ಲ. ಸಹಿ ಇರುವುದು ಬಹಳ ಅಪರೂಪ. ಮೋಡಿಯಲ್ಲೋ ಫಾರಸಿಯಲ್ಲೋ ತಮಿಳಿನಲ್ಲೋ ಒಂದು ಸಾಲು ಇದ್ದರೆ ಅದು ಮಾರುವವನಿಗೂ ಓದಲು ಬಾರದೆ ‘ಹಿಂಬದಿ ಗೀಚಿದೆ’ ಎಂದು ಪಟ್ಟಿಗೆ ಸೇರುತ್ತದೆ. ನಮ್ಮ ಕಡೆಯ ಸಂಗ್ರಾಹಕರು ಕಣ್ಣಿಡಬೇಕಾದದ್ದು ಅಂಥವುಗಳ ಮೇಲೆ.

ಕ್ಯಾಮೆರಾದ ಹಿಂದೆ ನಿಂತವರೂ ಸೈನಿಕರೇ ಆಗಿದ್ದರು ಎಂಬುದನ್ನು ಒಂದು ಮಾತಿನಲ್ಲಿ ಹೇಳಿ ಮುಂದೆ ಹೋಗುತ್ತೇನೆ. ಬೇಲೂರು ಹಳೇಬೀಡುಗಳನ್ನು 1854ರ ಡಿಸೆಂಬರಿನಲ್ಲಿ ಫೋಟೋಗೆ ಇಳಿಸಿದ ಲಿನಿಯಸ್ ಟ್ರೈಪ್ ಮದ್ರಾಸ್ ಕಾಲಾಳು ದಂಡಿನ ಕ್ಯಾಪ್ಟನ್. ಮರುವರ್ಷ ಬಿಜಾಪುರದತ್ತ ಹೊರಟ ಥಾಮಸ್ ಬಿಗ್ಸ್ ಮುಂಬೈ ತೋಪಿನ ದಳದವನು. ಇವರ ಸಹಿ ಇರುವ ಪ್ರತಿಗಳು ಈಗ ದೊಡ್ಡ ದೊಡ್ಡ ಸಂಗ್ರಹಾಲಯಗಳ ಸೊತ್ತು, ನಮ್ಮಂಥವರ ಕೈಗೆ ಎಟಕುವ ಮಾತಲ್ಲ.

ಕೈಗೆ ಎಟಕುವುದು ನಮ್ಮ ಮನೆಗಳ ಗೋಡೆ. ಸದಾಶಿವಗಡ, ಕೋಡಿಬಾಗ, ಚೆಂಡಿಯಾ, ಅಮದಳ್ಳಿ, ಇತ್ತ ಅವರ್ಸಾ, ಬೇಲೇಕೇರಿ — ಈ ಪಟ್ಟಿಯುದ್ದಕ್ಕೂ ಸೈನ್ಯಕ್ಕೆ, ನೌಕಾದಳಕ್ಕೆ ಹೋದವರ ಮನೆಗಳಿವೆ. ಪಡಸಾಲೆಯ ಗೋಡೆಯಲ್ಲಿ ಸಮವಸ್ತ್ರದ ಒಂದು ಪಟ, ಮೇಲೆ ಗಂಧದ ಹಾರ. ಚೆಂಡಿಯಾದ ಮಗ ಮೇಜರ್ ರಾಮ ರಾಘೋಬ ರಾಣೆಯವರ ಚಿತ್ರ ನಮಗೆಲ್ಲ ಗೊತ್ತು. 1918ರಲ್ಲಿ ಹುಟ್ಟಿ, 1940ರಲ್ಲಿ ಬಾಂಬೆ ಸ್ಯಾಪರ್ಸ್ ಸೇರಿ, 1948ರ ಏಪ್ರಿಲ್‌ನಲ್ಲಿ ನೌಶೇರಾದಿಂದ ರಜೌರಿಯ ದಾರಿಯಲ್ಲಿ ಗಾಯಗೊಂಡರೂ ಸುರಂಗಸಿಡಿಗಳನ್ನು ಕಿತ್ತು, ಅಡ್ಡ ಕೆಡವಿದ ಮರಗಳನ್ನು ತೆರವು ಮಾಡಿ ಟ್ಯಾಂಕುಗಳಿಗೆ ದಾರಿ ಮಾಡಿಕೊಟ್ಟವರು. ಪರಮವೀರ ಚಕ್ರವನ್ನು ಜೀವಂತವಾಗಿ ಸ್ವೀಕರಿಸಿದ ಮೊದಲಿಗರಲ್ಲಿ ಒಬ್ಬರು. ಕಾರವಾರದ ಕಡಲತೀರದಲ್ಲಿ ಅವರ ಪ್ರತಿಮೆ ಇದೆ. ಅವರ ಮುಖಕ್ಕೂ ಹೆಸರಿಗೂ ಇನ್ನು ಅಪಾಯವಿಲ್ಲ.

ಅಪಾಯ ಇರುವುದು ಅವರ ಜೊತೆಗಿದ್ದವರಿಗೆ, ಅವರಿಗಿಂತ ಹಿಂದಿನವರಿಗೆ. ಅಜ್ಜಿ ಇರುವವರೆಗೆ ‘ಇವರು ನನ್ನ ಮಾವನ ಅಣ್ಣ, ಬಸ್ರಾಕ್ಕೆ ಹೋದವರು’ ಎಂದು ಯಾರೋ ಹೇಳುತ್ತಾರೆ. ಅಜ್ಜಿ ತೀರಿಕೊಂಡ ಮೇಲೆ ಅದು ಬರೇ ‘ಅಜ್ಜನ ಕಾಲದ ಯಾರೋ ಮಿಲಿಟರಿಯವರು’. ಮನೆ ಕೆಡವಿ ಹೊಸದು ಕಟ್ಟುವಾಗ ಚೌಕಟ್ಟು ಗುಜರಿಗೆ, ಚಿತ್ರ ಒಲೆಗೆ. ಸತ್ಯಾಗ್ರಹಿಗಳ ಗುಂಪುಚಿತ್ರಗಳ ಕತೆಯೂ ಬೇರೆಯಲ್ಲ: ನಡುವೆ ಕೂತ ನಾಯಕರನ್ನು ಎಲ್ಲರೂ ಗುರುತಿಸುತ್ತಾರೆ, ಹಿಂದಿನ ಸಾಲಿನಲ್ಲಿ ನಿಂತ ರೈತರನ್ನು ಗುರುತಿಸುವವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ದೊರೆಗಳು ತಮ್ಮ ತಮ್ಮೊಳಗೆ ಮಾಡಿಕೊಂಡದ್ದನ್ನು ನಾವು ನಮ್ಮವರಿಗೆ ಮಾಡಲಿಲ್ಲ. ಹೆಸರು ಬರೆಯಲಿಲ್ಲ. ಇದನ್ನು ಹೇಳುವಾಗ ನನಗೆ ಸಂಕಟವಾಗುತ್ತದೆ.

ಆದ್ದರಿಂದ ಮಾಡಬೇಕಾದ್ದನ್ನು ಬಿಡಿಸಿ ಹೇಳುತ್ತೇನೆ. ಈ ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ. ಜೂನ್ ಬಂತೆಂದರೆ ಗೋಡೆ ಬೆವರುತ್ತದೆ, ಚೌಕಟ್ಟಿನ ಹಿಂದೆ ಬೂಸ್ಟು ಹಿಡಿಯುತ್ತದೆ, ಒರಲೆ ಮೊಳೆಯ ತೂತಿನಿಂದಲೇ ದಾರಿ ಮಾಡಿಕೊಳ್ಳುತ್ತದೆ. ಮೊಟ್ಟೆಯ ಬಿಳಿ, ಜಿಲೆಟಿನ್, ಗಂಜಿಯ ಅಂಟು ಎಲ್ಲವೂ ಹುಳುವಿಗೆ ಆಹಾರ. ಹಳೆಯ ಚಿತ್ರವನ್ನು ಹೊರಗೋಡೆಗೆ ತೂಗಬೇಡಿ, ಒಳಗೋಡೆಗೆ ತೂಗಿ. ಗಾಜಿಗೆ ಚಿತ್ರ ನೇರವಾಗಿ ತಾಗಬಾರದು, ತಾಗಿದರೆ ಎರಡು ಮಳೆಗಾಲದಲ್ಲಿ ಅಂಟಿಕೊಳ್ಳುತ್ತದೆ. ನಡುವೆ ಒಂದು ರಟ್ಟಿನ ಪಟ್ಟಿ ಕೊಡಿಸಿ. ಅಂಟಿಕೊಂಡಿದ್ದರೆ ಕೀಳಬೇಡಿ, ಗಾಜಿನ ಸಮೇತ ಫೋಟೋ ತೆಗೆದಿಟ್ಟುಕೊಳ್ಳಿ. ಲ್ಯಾಮಿನೇಶನ್ ಮಾತ್ರ ಖಂಡಿತ ಬೇಡ. ಪೇಟೆಯಲ್ಲಿ ಅಗ್ಗಕ್ಕೆ ಮಾಡಿಕೊಡುತ್ತಾರೆ, ಹೊಳೆಯುತ್ತದೆ, ಆದರೆ ಬಿಸಿಯಲ್ಲಿ ಒತ್ತಿದ ಆ ಪ್ಲಾಸ್ಟಿಕ್ಕನ್ನು ಮತ್ತೆ ಬಿಡಿಸಲು ಆಗುವುದಿಲ್ಲ, ಒಳಗೆ ಸಿಕ್ಕಿದ ತೇವವೂ ಹೊರಗೆ ಬರುವುದಿಲ್ಲ.

ಹಿಂಬದಿಯಲ್ಲಿ ಬರೆಯುವುದಾದರೆ ಮೆತ್ತನೆಯ ಪೆನ್ಸಿಲ್ಲಿನಲ್ಲಿ, ಒತ್ತದೆ, ಅಂಚಿನಲ್ಲಿ. ಬಾಲ್‌ಪೆನ್ ಒತ್ತಿದ ಗೆರೆ ಮುಂಬದಿಗೆ ಉಬ್ಬುತ್ತದೆ, ಸ್ಕೆಚ್ ಪೆನ್ನಿನ ಬಣ್ಣ ಹರಡುತ್ತದೆ. ಎಡದಿಂದ ಬಲಕ್ಕೆ ಹೆಸರು, ಊರು, ಗೊತ್ತಿದ್ದರೆ ಪಲ್ಟಣ, ವರ್ಷ, ಮತ್ತು ಈ ಹೆಸರುಗಳನ್ನು ಹೇಳಿದವರು ಯಾರು ಎಂಬುದು. ಕೊನೆಯದನ್ನು ಎಲ್ಲರೂ ಮರೆಯುತ್ತಾರೆ, ಆದರೆ ನಾಳೆ ಎರಡು ಮಾತು ಬಂದಾಗ ಯಾವುದನ್ನು ನಂಬಬೇಕು ಎಂದು ತಿಳಿಯುವುದು ಅದರಿಂದಲೇ. ಆಲ್ಬಮ್ ಸಿಕ್ಕರೆ ಒಂದೊಂದೇ ಚಿತ್ರ ಕೀಳುವ ಮೊದಲು ಪುಟಪುಟವಾಗಿ ಮೊಬೈಲಿನಲ್ಲಿ ತೆಗೆದುಕೊಳ್ಳಿ. ಯಾರ ಪಕ್ಕದಲ್ಲಿ ಯಾರನ್ನು ಇಟ್ಟಿದ್ದಾರೆ ಎಂಬುದೂ ಒಂದು ಬರಹವೇ. ವ್ಯಾಪಾರಿಗಳು ಪಲ್ಟಣದ ಆಲ್ಬಮ್ಮುಗಳನ್ನು ಬಿಡಿಬಿಡಿಯಾಗಿ ಮಾರಿ ಇಂಥ ಎಷ್ಟೋ ಬರಹಗಳನ್ನು ಅಳಿಸಿದ್ದಾರೆ. ನಾವು ನಮ್ಮ ಮನೆಗಳಲ್ಲಿ ಅದನ್ನೇ ಮಾಡಬಾರದು. ತೆಗೆದ ಚಿತ್ರಗಳ ಹಿಂಬದಿಯನ್ನೂ ತೆಗೆಯಿರಿ, ಖಾಲಿ ಇದ್ದರೂ ತೆಗೆಯಿರಿ. ಸ್ಟುಡಿಯೋದ ಒಂದು ಮಸುಕಾದ ಮೊಹರು ಬರಿಗಣ್ಣಿಗೆ ಕಾಣದಿದ್ದರೂ ಪರದೆಯ ಮೇಲೆ ಹಿಗ್ಗಿಸಿದಾಗ ಕಾಣಬಹುದು.

ಮೋಡಿಯ ಬಗ್ಗೆ ಕೊನೆಯದಾಗಿ ಒಂದು ಕೋರಿಕೆ. ನಮ್ಮ ಜಿಲ್ಲೆಯ ಅಂಗಡಿ ಲೆಕ್ಕ, ಜಮೀನಿನ ಕಾಗದಪತ್ರಗಳಲ್ಲಿ ಈ ಲಿಪಿ ಕಳೆದ ಶತಮಾನದ ನಡುಗಾಲದವರೆಗೂ ಬಳಕೆಯಲ್ಲಿತ್ತು. ಈಗ ಓದಬಲ್ಲವರು ಕೆಲವರೇ, ಬಹುಪಾಲು ವಯಸ್ಸಾದವರು. ನಿಮ್ಮ ಮನೆಯ ಫೋಟೋದ ಬೆನ್ನಿನಲ್ಲಿ ಅರ್ಥವಾಗದ ಓರೆ ಗೆರೆಗಳಿದ್ದರೆ ಒರೆಸಬೇಡಿ, ಮೇಲೆ ಕಾಗದ ಅಂಟಿಸಬೇಡಿ. ಗ್ರಂಥಾಲಯಕ್ಕೋ ಹತ್ತಿರದ ಕಾಲೇಜಿನ ಇತಿಹಾಸ ವಿಭಾಗಕ್ಕೋ ಒಯ್ದು ತೋರಿಸಿ, ಓದುವವರನ್ನು ಅವರು ಹುಡುಕಿಕೊಡಲಿ. ಇವತ್ತು ಸಭೆ ಮುಗಿದ ಮೇಲೆ ನಾನು ಹೊರಗಿನ ಜಗಲಿಯಲ್ಲಿ ಇರುತ್ತೇನೆ. ಮಸೂರ ತಂದಿದ್ದೇನೆ, ಎರಡು ಪೆನ್ಸಿಲ್ಲೂ ಇವೆ. ಯಾರಾದರೂ ಚಿತ್ರ ತಂದಿದ್ದರೆ ಕೂತು ನೋಡೋಣ.